ಪರ್ಸಿಯಸ್‌ನ ದಾರಿ ಹಿಡಿದ ಬೆರ್ಮೆ

2025ರ ಅಕ್ಟೋಬರ್ 2ರಂದು ‘ಕಾಂತಾರ: ಚಾಪ್ಟರ್ 1’ ಬಿಡುಗಡೆಯಾದ ಮೇಲೆ ಒಂದು ಮಾತು ನಮ್ಮ ಕಡೆ ಗಾದೆಯಷ್ಟು ಸಲೀಸಾಗಿಬಿಟ್ಟಿದೆ: ಹಾಲಿವುಡ್ ಗ್ರೀಕ್ ಪುರಾಣವನ್ನು ಲೋಕಕ್ಕೆಲ್ಲ ಮುಟ್ಟಿಸಿತು, ರಿಷಬ್ ಶೆಟ್ಟಿ ತುಳುನಾಡಿನ ದೈವಗಳನ್ನು ಹಾಗೆಯೇ ಮುಟ್ಟಿಸಿದರು. ನೆರಿಯದಿಂದ ಬೆಳ್ತಂಗಡಿಗೆ ಹೋಗುವ ಬಸ್ಸಿನಲ್ಲೂ ಇದನ್ನು ಕೇಳಿದ್ದೇನೆ, ಬೆಂಗಳೂರಿನ ಸಿನಿಮಾ ಹರಟೆಗಳಲ್ಲೂ ಕೇಳಿದ್ದೇನೆ. ಹೋಲಿಕೆ ಸರಿಯಾಗಿಯೇ ಇದೆ. ಅದು ಹೊಗಳಿಕೆ ಎಂದುಕೊಂಡದ್ದೇ ತಪ್ಪು. ಹಾಲಿವುಡ್ ಗ್ರೀಕರ ಕತೆಗಳಿಂದ ಏನನ್ನು ಕಿತ್ತು ಹಾಕಿತೋ ಅದನ್ನೇ ಈ ಸಿನಿಮಾ ನಮ್ಮ ದೈವಗಳ ಕತೆಯಿಂದ ಕಿತ್ತು ಹಾಕಿದೆ ಎಂಬುದು ನನ್ನ ತಕರಾರು.

ಇತಿಹಾಸದ ತಕರಾರು ನನ್ನದಲ್ಲ. ಚಿತ್ರ ತೋರಿಸುವ ಹಾಗೆ ಕದಂಬರ ಕಾಲದಲ್ಲಿ ‘ಬಾಂಗ್ರ’ ಎಂಬ ರಾಜ್ಯ ಎಲ್ಲಿತ್ತು ಎಂದು ಕೇಳಿದವರಿದ್ದಾರೆ. ಆ ಹೆಸರು ನೆನಪಿಸುವ ಬಂಗರಸರ ಮೂಲಸ್ಥಾನ ಬಂಗಾಡಿ ನಮ್ಮ ಬೆಳ್ತಂಗಡಿ ತಾಲೂಕಿನಲ್ಲೇ ಇದೆ. ಅವರು ಮೇಲೆ ಬಂದದ್ದು ಕದಂಬರ ಎಷ್ಟೋ ತಲೆಮಾರುಗಳ ನಂತರ. ಇರಲಿ. ದೈವಗಳ ಕತೆ ಹೇಳುವ ನಮ್ಮ ತುಳು ಹಾಡುಗಳು, ಪಾಡ್ದನಗಳು, ಎಂದಾದರೂ ತಾರೀಕು ನೋಡಿಕೊಂಡು ನಡೆದಿವೆಯೇ? ಕಾರ್ಕಳದ 42 ಅಡಿಯ ಗೊಮ್ಮಟ ನಿಂತದ್ದು 1432ರಲ್ಲಿ, ವೇಣೂರಿನದು 1604ರಲ್ಲಿ. ನಡುವೆ 172 ವರ್ಷ. ಆದರೆ ಎರಡನ್ನೂ ಕಡೆದವನು ಒಬ್ಬನೇ ಕಲ್ಕುಡ ಎನ್ನುತ್ತದೆ ನಮ್ಮ ಕತೆ. ಕಾರ್ಕಳದ ಅರಸ ಭೈರರಸ, ಇಂಥ ಕೆಲಸ ಇನ್ನೊಂದು ಕಡೆ ಆಗಬಾರದೆಂದು ಅವನ ಒಂದು ಕೈ, ಒಂದು ಕಾಲು ಕಡಿಸಿದ. ಉಳಿದ ಕೈಯಲ್ಲೇ ಆತ ವೇಣೂರಿನ ಗೊಮ್ಮಟನನ್ನು ಕಡೆದ. ಈ ಕತೆಯ ಬಲ ಇರುವುದು ಶತಮಾನಗಳನ್ನು ಲೆಕ್ಕಿಸದ ಅದರ ಸಿಟ್ಟಿನಲ್ಲಿ. ಪುರಾಣಕ್ಕೆ ನಿಷ್ಠರಾಗಿಲ್ಲ ಎಂದು ಸಿನಿಮಾದವರನ್ನು ಬಯ್ಯುವ ಹಕ್ಕು ಪಾಡ್ದನ ಕೇಳಿ ಬೆಳೆದ ನಮಗೆ ಅಷ್ಟಾಗಿ ಇಲ್ಲ.

ಹಾಲಿವುಡ್‌ನ ಗ್ರೀಕ್ ಚಿತ್ರಗಳ ಮೇಲಿನ ಟೀಕೆಯೂ ಬಹುಮಟ್ಟಿಗೆ ಇದೇ ಜಾಡಿನದು. ಲೂಯಿ ಲೆಟೆರಿಯೆ ನಿರ್ದೇಶಿಸಿದ 2010ರ ‘ಕ್ಲ್ಯಾಶ್ ಆಫ್ ದಿ ಟೈಟನ್ಸ್’ ನೋಡಿದವರು ಕ್ರಾಕನ್ ಎಂಬ ಕಡಲ ರಾಕ್ಷಸ ಗ್ರೀಸಿನದಲ್ಲ, ಉತ್ತರ ಯುರೋಪಿನ ನಾವಿಕರ ಕತೆಗಳದು ಎಂದು ನಕ್ಕರು. ತರಾತುರಿಯಲ್ಲಿ ತ್ರೀಡಿ ಮಾಡಿದ್ದಕ್ಕೆ ಉಗಿದರು. ರೇ ಹ್ಯಾರಿಹೌಸೆನ್ ಬೊಂಬೆಗಳನ್ನು ಒಂದೊಂದೇ ಫ್ರೇಮಿನಲ್ಲಿ ಕದಲಿಸಿ ತೆಗೆದ 1981ರ ಅದೇ ಹೆಸರಿನ ಚಿತ್ರವೇ ಚೆನ್ನಾಗಿತ್ತು ಎಂದರು. ಇವೆಲ್ಲ ಮೇಲ್ಮೈಯ ಜಗಳ. 2010ರ ಚಿತ್ರ ಶುರುವಾಗುವುದು ಒಂದು ನಿಜವಾದ ಪ್ರಶ್ನೆಯಿಂದ: ಆರ್ಗೋಸ್‌ನ ಸೈನಿಕರು ಸ್ಯೂಸ್‌ನ ಮೂರ್ತಿಯನ್ನೇ ಕಡಲಿಗೆ ಕೆಡವುತ್ತಾರೆ. ದೇವರಿಗೆ ಮನುಷ್ಯ ಯಾಕೆ ತಲೆಬಾಗಬೇಕು? ಆ ಪ್ರಶ್ನೆಗೆ ಉತ್ತರ ಹೇಳಬೇಕಾದ ಹೊತ್ತಿಗೆ ಚಿತ್ರ ನಾಯಕ ಪರ್ಸಿಯಸ್‌ನ ಕೈಯಿಂದ ಮೆಡೂಸಾಳ ತಲೆ ತೋರಿಸಿ ರಾಕ್ಷಸನನ್ನು ಕಲ್ಲು ಮಾಡಿ, ಸತ್ತ ನಾಯಕಿಯನ್ನು ಸ್ಯೂಸ್‌ನ ಕೈಯಿಂದ ಬದುಕಿಸಿ ಮನೆಗೆ ಕಳಿಸುತ್ತದೆ.

ಗ್ರೀಕರ ಪರ್ಸಿಯಸ್‌ನ ಕತೆ ಅಲ್ಲಿಗೆ ಮುಗಿಯುವುದಿಲ್ಲ. ಅವನು ಎಸೆದ ಚಕ್ರ ತಗುಲಿ ಸ್ವಂತ ಅಜ್ಜ ಸಾಯುತ್ತಾನೆ. ಅಜ್ಜನ ರಾಜ್ಯ ಆಳಲು ನಾಚಿ ಅವನು ಆರ್ಗೋಸನ್ನು ಬಿಟ್ಟುಕೊಟ್ಟು ಇನ್ನೊಂದು ರಾಜ್ಯ ಬದಲಿ ಪಡೆಯುತ್ತಾನೆ. ಕ್ರಿ.ಶ. ಎರಡನೇ ಶತಮಾನದ ಪ್ರವಾಸಿ ಪಾಸೇನಿಯಸ್, ಮೈಸೀನೆಯಿಂದ ಆರ್ಗೋಸ್‌ಗೆ ಹೋಗುವ ದಾರಿಯ ಬದಿ ಪರ್ಸಿಯಸ್‌ನ ಗುಡಿ ಇದ್ದುದನ್ನು, ಅಕ್ಕಪಕ್ಕದವರು ಅವನಿಗೆ ನಡೆದುಕೊಳ್ಳುತ್ತಿದ್ದುದನ್ನು ಬರೆದಿದ್ದಾನೆ. ಗ್ರೀಕರಿಗೆ ವೀರ ಎಂದರೆ ಗೆದ್ದವನಷ್ಟೇ ಆಗಿರಲಿಲ್ಲ. ಸತ್ತ ಮೇಲೂ ಊರಿನ ಜೊತೆ ಲೆಕ್ಕ ಬಾಕಿ ಇಟ್ಟುಕೊಂಡವನೂ ಆಗಿದ್ದ. ಯುದ್ಧದಲ್ಲಿ ಸತ್ತು ಗರಡಿಗಳಲ್ಲಿ ನೆಲೆಯಾದ ಕೋಟಿ ಚೆನ್ನಯರನ್ನು ಬಲ್ಲ ತುಳುವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಂದರೆ ಗ್ರೀಕರ ಮೂಲ ಕತೆ ನಮ್ಮ ಪಾಡ್ದನಕ್ಕೆ ಹತ್ತಿರ, ಹಾಲಿವುಡ್‌ಗೆ ದೂರ. ‘ಚಾಪ್ಟರ್ 1’ ಮಾತ್ರ ಹತ್ತಿರದ್ದನ್ನು ಬಿಟ್ಟು ದೂರದ್ದನ್ನೇ ಆರಿಸಿಕೊಂಡಿತು.

ದೈವ ಮೈಮೇಲೆ ಬಂದು ಕುಣಿಯುವ ಕೋಲದ ಎದುರು ರಾತ್ರಿ ಕೂತವರು ಕಾಯುವುದು ಯಾವುದಕ್ಕೆ? ಗಗ್ಗರ, ಅಣಿ, ತೆಂಬರೆ, ಬೆಂಕಿ ಎಲ್ಲ ಇದ್ದೇ ಇದೆ. ಆದರೆ ಕಾಯುವುದು ದೈವದ ನುಡಿಗೆ. ಜಾಗದ ಗಡಿ, ಪಾಲು, ಮುರಿದ ಮಾತು, ತಪ್ಪಿದ ತಂಬಿಲ, ಎಲ್ಲ ಅಲ್ಲಿ ವಿಚಾರಣೆಗೆ ಬರುತ್ತವೆ. ಪಂಬದ, ಪರವ, ನಲಿಕೆ ಸಮುದಾಯದ ಒಬ್ಬ ಮನುಷ್ಯನ ಬಾಯಿಂದ ಬರುವ ಮಾತಿಗೆ ಗುತ್ತಿನ ಯಜಮಾನ ಕೈಮುಗಿದು ಉತ್ತರ ಕೊಡಬೇಕಾಗುತ್ತದೆ. ದೈವಾರಾಧನೆಯ ನಿಜವಾದ ನಾಟಕ ಈ ಮಾತುಕತೆಯಲ್ಲಿದೆ.

2022ರ ‘ಕಾಂತಾರ’ಕ್ಕೆ ಇದು ಗೊತ್ತಿತ್ತು. ಪೂರ್ವಜರು ಕೊಟ್ಟ ಭೂಮಿಯನ್ನು ವಾಪಸ್ ಕೇಳುವ ಒಡೆಯ ಕೋಲದ ನಡುವೆಯೇ ಸಂಶಯ ಎತ್ತುತ್ತಾನೆ: ಮಾತಾಡುತ್ತಿರುವುದು ದೈವವೋ, ನರ್ತಕನೋ? ಉತ್ತರವಾಗಿ ಆ ನರ್ತಕ ಕಾಡಿಗೆ ಓಡಿ ಮಾಯವಾಗುತ್ತಾನೆ. ಮುಂದೆ ಒಡೆಯ ಕೋರ್ಟಿನ ಮೆಟ್ಟಿಲ ಮೇಲೆ ರಕ್ತ ಕಾರಿ ಸಾಯುತ್ತಾನೆ. ಕಾನೂನಿನ ಕೋರ್ಟು, ದೈವದ ಕೋರ್ಟು ಎರಡನ್ನೂ ಎದುರುಬದುರು ನಿಲ್ಲಿಸಿದ ಆ ಕೆಲವು ನಿಮಿಷ ಕನ್ನಡ ಸಿನಿಮಾದ ಅತ್ಯುತ್ತಮ ಬರವಣಿಗೆಯಲ್ಲಿ ಸೇರುತ್ತದೆ. ಎಲ್ಲರೂ ಕೊಂಡಾಡಿದ ಕ್ಲೈಮ್ಯಾಕ್ಸ್ ಹೊಡೆದಾಟದ ಬೇರೂ ಅಲ್ಲೇ ಇದೆ. ಗುಳಿಗ ದೈವದ ಅಬ್ಬರದ ನಂತರ ಪಂಜುರ್ಲಿ ದೈವ ಬಂದು ಅರಣ್ಯಾಧಿಕಾರಿಯ ಕೈಯನ್ನೂ ಊರವರ ಕೈಯನ್ನೂ ಸೇರಿಸುವುದರಿಂದಲೇ ಆ ಹೊಡೆದಾಟಕ್ಕೆ ಅರ್ಥ ಬಂತು.

‘ಚಾಪ್ಟರ್ 1’ರಲ್ಲಿ ದೈವ ಮಾತಾಡುವುದಕ್ಕಿಂತ ಕೆಡವುವುದೇ ಹೆಚ್ಚು. ಶಿಶುವಾಗಿ ಸಿಕ್ಕಿದ ನಾಯಕ ಬೆರ್ಮೆ, ಪೆಟ್ಟಿಗೆಯಲ್ಲಿ ತೇಲಿಬಂದ ಪರ್ಸಿಯಸ್‌ನ ಹಾಗೆ, ಹುಟ್ಟಿನಿಂದಲೇ ಆಯ್ಕೆಯಾದವನು. ಅವನ ಕಷ್ಟಕಾಲಕ್ಕೆ ಸರಿಯಾಗಿ ಗುಳಿಗ ಮೈಮೇಲೆ ಬರುತ್ತಾನೆ, ಶತ್ರುಗಳು ಚೆಲ್ಲಾಪಿಲ್ಲಿಯಾಗುತ್ತಾರೆ. ಅರವಿಂದ್ ಕಶ್ಯಪ್ ಅವರ ಕ್ಯಾಮೆರಾ, ರಥದ ದೃಶ್ಯ, ಕಾಡಿನ ಬೆಳಕು, ಇವನ್ನೆಲ್ಲ ನಾನು ಬಾಯಿಬಿಟ್ಟುಕೊಂಡು ನೋಡಿದವನೇ. ಆದರೆ ದೈವ ನಾಯಕನಿಂದ ಏನನ್ನೂ ಕೇಳದೆ ಅವನ ಶತ್ರುವನ್ನು ಮುಗಿಸಿಕೊಟ್ಟರೆ ಅದು ದೈವವಾಗಿ ಉಳಿಯುವುದಿಲ್ಲ, ಆಯುಧವಾಗುತ್ತದೆ.

ಗುಳಿಗ ಉಗ್ರ ದೈವ, ಅವನು ಕೆಡವದೆ ಮತ್ತೇನು ಮಾಡಬೇಕು ಎಂದು ಸ್ನೇಹಿತರು ವಾದಿಸುತ್ತಾರೆ. ಸಿನಿಮಾಕ್ಕೆ ಸಿನಿಮಾದ ಭಾಷೆ ಬೇಕು, ನುಡಿ ಕೇಳಿಸಿಕೊಂಡು ಕೂರಲು ಪೇಟೆಯ ಪ್ರೇಕ್ಷಕನಿಗೆ ತಾಳ್ಮೆ ಎಲ್ಲಿ ಎಂದೂ ಕೇಳುತ್ತಾರೆ. ಎರಡನೆಯದಕ್ಕೆ ಉತ್ತರ 2022ರ ಚಿತ್ರವೇ; ಅದನ್ನು ನೋಡಿದ್ದೂ ಪೇಟೆಯವರೇ. ಮೊದಲನೆಯದಕ್ಕೆ ಉತ್ತರ ಗುಳಿಗನ ಕತೆಯಲ್ಲೇ ಇದೆ. ಏನು ತಿಂದರೂ ಅವನ ಹಸಿವು ಅಡಗುವುದಿಲ್ಲ. ಕೊನೆಗೆ ವಿಷ್ಣು ತನ್ನ ಕಿರುಬೆರಳನ್ನೇ ಕೊಟ್ಟು ತಣಿಸಬೇಕಾಗುತ್ತದೆ. ಉಗ್ರನ ಕತೆಯೂ ಮುಗಿಯುವುದು ಒಂದು ಒಪ್ಪಂದದಲ್ಲಿ. ಆ ಹಸಿವನ್ನು ತೆರೆಗೆ ತಂದಿದ್ದರೆ ಯಾವ ಕ್ರಾಕನ್ ಅದರ ಮುಂದೆ ನಿಲ್ಲುತ್ತಿತ್ತು!

ದೈವವನ್ನು ತೆರೆಗೆ ತರಲೇಬಾರದು ಎನ್ನುವವರ ವಾದವನ್ನೂ ನಾನು ಒಪ್ಪುವುದಿಲ್ಲ. ಆದರೆ ಅವರ ನೋವಿಗೆ ಕಾರಣವಿದೆ. ಚಿತ್ರಮಂದಿರಗಳಲ್ಲಿ ಜನ ಆವೇಶ ಬಂದವರಂತೆ ಕುಣಿದರು, ನಿರ್ಮಾಣ ಸಂಸ್ಥೆ ಹಾಗೆ ಮಾಡಬೇಡಿ ಎಂದು ವಿನಂತಿಸಬೇಕಾಯಿತು. ಕೂಗನ್ನು ಅನುಕರಿಸುವುದು ಸುಲಭ. ನ್ಯಾಯ ತೀರ್ಮಾನವನ್ನು ಅನುಕರಿಸುವುದು ಯಾರಿಂದಲೂ ಆಗದು. ಪ್ರೇಕ್ಷಕರು ಮನೆಗೆ ಒಯ್ದದ್ದು ಚಿತ್ರ ಕೈಗಿಟ್ಟದ್ದನ್ನೇ.

ಕಾಡಿನವರ ಚಿತ್ರಣದಲ್ಲೂ ಇದೇ ಆಗಿದೆ. ಇಲ್ಲಿ ಕಾಡಿನವರಿಗೆ ಇರುವ ಮುಖ್ಯ ಭಾಷೆ ಯುದ್ಧ. ನಿಜದ ಕಾಡಿನವರು ಹಾಗಲ್ಲ. ನಮ್ಮ ನೆರಿಯ ಗ್ರಾಮಕ್ಕೆ ಸೇರಿದ ಬಾಂಜಾರುಮಲೆ ಕಾಡಿನೊಳಗಿನ ಮಲೆಕುಡಿಯರ ನೆಲೆ. 2024ರ ಲೋಕಸಭಾ ಚುನಾವಣೆಯಲ್ಲಿ ಅಲ್ಲಿನ ಮತಗಟ್ಟೆಯ 111 ಮತದಾರರಲ್ಲಿ 111 ಮಂದಿಯೂ ಮತ ಹಾಕಿದರು. ರಸ್ತೆ, ಹಕ್ಕುಪತ್ರ, ಅರ್ಜಿ ಎಂದು ಆಳುವವರೊಡನೆ ದಿನನಿತ್ಯ ಮಾತಿನಲ್ಲೇ ಜಗ್ಗಾಡುವ ಜನ ಕಾಡಿನವರು. 2022ರ ಚಿತ್ರದಲ್ಲಿ ಡೆಪ್ಯುಟಿ ರೇಂಜರ್ ಮುರಳಿಯ ಜೊತೆ ನಾಯಕ ಶಿವ ನಡೆಸುವ ಜಗಳದಲ್ಲಿ ಅದರ ವಾಸನೆಯಾದರೂ ಇತ್ತು. ಬೆರ್ಮೆಯ ಲೋಕದಲ್ಲಿ ಅದಿಲ್ಲ.

‘ಚಾಪ್ಟರ್ 1’ರಲ್ಲಿ ಹೊಸತಾಗಿ ಕಂಡದ್ದು ರುಕ್ಮಿಣಿ ವಸಂತ್ ಅವರ ಕನಕವತಿಯ ಪಾತ್ರ. ಪ್ರೀತಿಸಿದವಳೇ ಎದುರಾಳಿಯಾಗುವ ಆ ತಿರುವಿಗೆ ಗ್ರೀಕ್ ದುರಂತದ ಗಾತ್ರವಿತ್ತು. ಚಿತ್ರ ಅವಳ ವಾದವನ್ನು ಕೇಳುವ ಮೊದಲೇ ಮುಗಿಸಿಬಿಡುತ್ತದೆ.

ಮುಂದಿನ ಅಧ್ಯಾಯ ಮಾಡುವುದಾದರೆ ರಿಷಬ್ ಅವರಲ್ಲಿ ಒಂದು ಕೇಳಿಕೆ. ಕಲ್ಕುಡನ ತಂಗಿ ಕಲ್ಲುರ್ಟಿಯ ಪಾಡ್ದನ ತೆಗೆದುಕೊಳ್ಳಿ. ಕೈಕಾಲು ಕಳೆದುಕೊಂಡ ಅಣ್ಣ, ಅರಸನನ್ನು ಬಿಡದೆ ಕಾಡುವ ತಂಗಿ, ನಿಂತೇ ಇರುವ ಗೊಮ್ಮಟ. ಸೈನ್ಯ ಬೇಡ, ರಥ ಬೇಡ. ಅರಸನೆದುರು ಅವಳಿಗೆ ಮಾತಾಡಲು ಬಿಡಿ.