ಗದ್ದಲದ ಜಾಡು ಹಿಡಿಯುವ ಹಳೆಯ ಟ್ರಾನ್ಸಿಸ್ಟರ್

ನನ್ನ ಹ್ಯಾಮ್ ರೇಡಿಯೋ ಮೇಜಿನ ಮೇಲೆ ನನಗೆ ಅಚ್ಚುಮೆಚ್ಚಿನದು ಒಂದು ಹಳೆಯ ಟ್ರಾನ್ಸಿಸ್ಟರ್. 7 ಮೆಗಾಹರ್ಟ್ಸ್‌ನಲ್ಲಿ ದೂರದ ದನಿ ಕರಕರ ಸದ್ದಿನಲ್ಲಿ ಮುಳುಗಿದಾಗ ಆ ಸದ್ದಿನ ಮೂಲವೆಂಬ ಕಳ್ಳನನ್ನು ಹಿಡಿದುಕೊಡುವುದು ಅದೇ.

ಮೊದಲು ಮನೆಯ ಮೇನ್ ಸ್ವಿಚ್ ಆರಿಸಿ, ಸ್ಟೇಷನ್ನನ್ನು 12 ವೋಲ್ಟ್ ಬ್ಯಾಟರಿಯಲ್ಲಿ ನಡೆಸಿ ಕೇಳಬೇಕು. ಸದ್ದು ನಿಂತರೆ ಕಳ್ಳ ಮನೆಯೊಳಗೇ ಇದ್ದಾನೆ. ಆಮೇಲೆ ಮೇನ್ ಸ್ವಿಚ್ ಮತ್ತೆ ಹಾಕಿ, ಟ್ರಾನ್ಸಿಸ್ಟರನ್ನು ಮೀಡಿಯಂ ವೇವ್‌ನಲ್ಲಿ ಯಾವ ನಿಲಯವೂ ಬಾರದ ಕಡೆ ಇಟ್ಟು ಕಂಪ್ಯೂಟರು, ಮಾನಿಟರು, ರೂಟರುಗಳ ಹತ್ತಿರ ಒಯ್ಯಬೇಕು. ಒಳಗಿನ ಫೆರೈಟ್ ಕಡ್ಡಿಯೇ ಅದರ ಆಂಟೆನಾ. ತಿರುಗಿಸಿದಂತೆ ಸದ್ದು ಏರಿಳಿದು ದಿಕ್ಕು ಹೇಳುತ್ತದೆ.

ನಮ್ಮಲ್ಲಿ ಸಿಕ್ಕಿಬಿದ್ದದ್ದು ಲ್ಯಾಪ್‌ಟಾಪ್ ಚಾರ್ಜರ್. ಅದರೊಳಗೆ ಸೆಕೆಂಡಿಗೆ ಸಾವಿರಾರು ಸಲ ವಿದ್ಯುತ್ ಕಡಿದು ಕೂಡುತ್ತದೆ. ತಂತಿ ಆ ಗದ್ದಲವನ್ನು ಹಬ್ಬಿಸುತ್ತದೆ. ತಂತಿಯನ್ನು ಫೆರೈಟ್ ಉಂಗುರಕ್ಕೆ ಏಳೆಂಟು ಸುತ್ತು ಸುತ್ತಿದೆ, ದನಿ ತಿಳಿಯಾಯಿತು.

ಹಳೆಯ ಟ್ರಾನ್ಸಿಸ್ಟರನ್ನು ಗುಜರಿಗೆ ಹಾಕಬೇಡಿ.