ಉರಿಗೆ ಉರಿಯೇ ಮದ್ದು?

ಸರ್ಪಸುತ್ತಿನ ಗುಳ್ಳೆ ಒಣಗಿ ಉದುರಿದ ಮೇಲೂ ಕೆಲವರಿಗೆ ಉರಿ ಬಿಡುವುದಿಲ್ಲ. ಮೈಮೇಲಿನ ಬಟ್ಟೆ ಸೋಕಿದರೂ ಕೆಂಡ ಮುಟ್ಟಿದ ಹಾಗೆ. ಈ ನರನೋವಿಗೆ ಮೆಣಸಿನಕಾಯಿಯ ಖಾರವನ್ನೇ, ಅಂದರೆ ಕ್ಯಾಪ್ಸೈಸಿನ್ನನ್ನು, ಶೇಕಡಾ 8ರಷ್ಟು ತುಂಬಿದ ಪಟ್ಟಿಯನ್ನು ಒಂದು ಗಂಟೆ ಅಂಟಿಸುವ ಚಿಕಿತ್ಸೆಗೆ ಅಮೆರಿಕ 2009ರಲ್ಲಿ ಒಪ್ಪಿಗೆ ಕೊಟ್ಟಿತು. ಉರಿಯುವ ಕಡೆಗೇ ಖಾರ ಬಳಿಯುವುದೇ ಎಂದು ಹುಬ್ಬೇರಿಸುವವರಿಗೆ ಉತ್ತರ ಪ್ರಯೋಗಾಲಯದಲ್ಲಿದೆ.

1997ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಡೇವಿಡ್ ಜೂಲಿಯಸ್ ತಂಡ ನರತುದಿಯಲ್ಲಿ ಖಾರಕ್ಕೆ ತೆರೆದುಕೊಳ್ಳುವ ಬಾಗಿಲೊಂದನ್ನು ಪತ್ತೆಹಚ್ಚಿತು. ಅದರ ಈಗಿನ ಹೆಸರು ಟಿಆರ್‌ಪಿವಿ1. ಸುಮಾರು 43 ಡಿಗ್ರಿ ಸೆಲ್ಸಿಯಸ್ ದಾಟಿದ ಬಿಸಿಗೂ ಅದೇ ಬಾಗಿಲು ತೆರೆಯುತ್ತದೆ. ಖಾರ ತಿಂದಾಗ ಬಾಯಿ ‘ಸುಡುತ್ತದೆ’ ಎನ್ನುವುದು ಬರೀ ಮಾತಿನ ರೂಢಿಯಲ್ಲ. ನರಕ್ಕೆ ಎರಡೂ ಒಂದೇ. ಬಣ್ಣಕ್ಕೆ ಬ್ಯಾಡಗಿ, ಖಾರಕ್ಕೆ ಗುಂಟೂರು ಎಂದು ಲೆಕ್ಕ ಹಾಕುವ ನಮ್ಮ ಅಡುಗೆಮನೆ ಅಳೆಯುತ್ತಿದ್ದುದು ಈ ಬಾಗಿಲು ಎಷ್ಟು ಜೋರಾಗಿ ತೆರೆಯುತ್ತದೆ ಎಂಬುದನ್ನೇ. 2021ರ ನೊಬೆಲ್‌ನಲ್ಲಿ ಜೂಲಿಯಸ್‌ಗೆ ಪಾಲು ಸಿಕ್ಕಿತು.

ಬಾಗಿಲು ಗೊತ್ತಾದ ಕೂಡಲೇ ಔಷಧ ಕಂಪನಿಗಳಿಗೆ ಹೊಳೆದದ್ದು ಅಗುಳಿ ಹಾಕುವ ಉಪಾಯ. ಎಎಂಜಿ 517 ಎಂಬ ಗುಳಿಗೆಯನ್ನು ಮನುಷ್ಯರ ಮೇಲೆ ಪರೀಕ್ಷಿಸಿದಾಗ ಕೆಲವರ ಮೈ ಬಿಸಿ 40 ಡಿಗ್ರಿ ದಾಟಿತು. ಮೈಯ ಶಾಖವನ್ನು ಹದದಲ್ಲಿಡುವುದರಲ್ಲೂ ಆ ಬಾಗಿಲಿಗೆ ಕೆಲಸವಿತ್ತು. ಪಟ್ಟಿಯದು ತದ್ವಿರುದ್ಧ ದಾರಿ: ಬಾಗಿಲನ್ನು ಹಾರು ಹೊಡೆದು ತೆರೆದಿಟ್ಟು, ಚರ್ಮದೊಳಗಿನ ನರತುದಿಗಳೇ ಸೋತು ಹಿಂದೆ ಸರಿಯುವಂತೆ ಮಾಡುವುದು. ತಿಂಗಳುಗಳಲ್ಲಿ ಅವು ಮತ್ತೆ ಬೆಳೆಯುತ್ತವೆ. ಆಗ ಇನ್ನೊಂದು ಪಟ್ಟಿ.

ವಿಜ್ಞಾನ ಇಷ್ಟು ಚೆಂದ. ಫಲ? ಇಲ್ಲಿ ನನ್ನ ತಕರಾರು ಇದೆ. ಮದ್ದಿನ ಫಲವನ್ನು ಅಳೆಯುವ ಪರೀಕ್ಷೆಯಲ್ಲಿ ಯಾರಿಗೆ ನಿಜವಾದ ಮದ್ದು, ಯಾರಿಗೆ ಹುಸಿಮದ್ದು ಎಂಬುದು ರೋಗಿಗೆ ತಿಳಿಯಬಾರದು. ಆದರೆ ಉರಿಯನ್ನು ಮುಚ್ಚಿಡುವುದು ಹೇಗೆ? ಸಂಶೋಧಕರು ಹೋಲಿಕೆಯ ಪಟ್ಟಿಗೂ ಶೇಕಡಾ 0.04ರಷ್ಟು ಖಾರ ಬೆರೆಸಿದರು. ಜಾಣತನವೇ ಸರಿ. ಆದರೂ 200 ಪಟ್ಟು ಖಾರದ ವ್ಯತ್ಯಾಸವನ್ನು ಚರ್ಮ ಊಹಿಸಲಾರದೆ? ಇಷ್ಟಾಗಿಯೂ, ಇಂಥ ಪರೀಕ್ಷೆಗಳನ್ನು ಒಟ್ಟಿಗೆ ತೂಗಿ ನೋಡಿದ 2017ರ ಕಾಕ್ರೇನ್ ಪರಾಮರ್ಶೆಯ ಪ್ರಕಾರ ಸರ್ಪಸುತ್ತಿನ ನೋವಿರುವ ಸುಮಾರು ಹತ್ತು ಮಂದಿಗೆ ಅಂಟಿಸಿದರೆ, ಹೋಲಿಕೆಯ ಪಟ್ಟಿಗಿಂತ ಹೆಚ್ಚಾಗಿ ಒಬ್ಬರಿಗೆ ಗಣನೀಯ ಉಪಶಮನ. ಪವಾಡವಲ್ಲ. ಕ್ಯಾನ್ಸರ್‌ಗೆ ಕೊಡುವ ಪ್ಯಾಕ್ಲಿಟ್ಯಾಕ್ಸೆಲ್, ಆಕ್ಸಾಲಿಪ್ಲಾಟಿನ್‌ಗಳಿಂದ ಕೈಕಾಲು ಜುಮುಗುಟ್ಟುವವರ ಮಟ್ಟಿಗಂತೂ ಪುರಾವೆ ಇನ್ನೂ ತೆಳು.

ಹಾಗೆಂದು ತಳ್ಳಿಹಾಕಲಾರೆ. ಪ್ರಿಗ್ಯಾಬಲಿನ್, ಅಮಿಟ್ರಿಪ್ಟಿಲಿನ್ ಗುಳಿಗೆ ನುಂಗಿ ತೂಕಡಿಸುವ, ತಲೆ ಸುತ್ತಿ ಬೀಳುವ ವಯಸ್ಸಾದವರಿಗೆ, ನೋವಿರುವ ಜಾಗದಲ್ಲೇ ಕೆಲಸ ಮಾಡುವ ಮದ್ದು ಚಿಕ್ಕ ಲಾಭವಲ್ಲ. ಮೊದಲ ಮದ್ದಲ್ಲ, ಎರಡನೆಯದಾಗಿ ಇರಲಿ ಎಂಬುದು ನನ್ನ ತೀರ್ಪು.

ಇದನ್ನು ಓದಿ ಯಾರೂ ಮನೆಯಲ್ಲಿ ಮೆಣಸಿನಕಾಯಿ ಅರೆದು ಹಚ್ಚಿಕೊಳ್ಳಬೇಡಿ. ಆಸ್ಪತ್ರೆಯಲ್ಲೂ ಪಟ್ಟಿಯನ್ನು ಗುಳ್ಳೆ ಪೂರ್ತಿ ಮಾಗಿದ ಚರ್ಮಕ್ಕೆ ಮಾತ್ರ, ನೈಟ್ರೈಲ್ ಕೈಗವಸು ತೊಟ್ಟೇ ಅಂಟಿಸುತ್ತಾರೆ.