ದಾವೀದನ ದೋಷ, ನಾತಾನನ ದೃಷ್ಟಾಂತ: ಬೈಬಲಿನ ವ್ಯಭಿಚಾರಕಥನದ ಒಂದು ವಿವೇಚನೆ

ಮಂಗಳೂರಿನ ಕಂಕನಾಡಿಯೆಂದರೆ ಬಹುಜನರಿಗೆ ನೆನಪಾಗುವುದು, 1880ರಲ್ಲಿ ಫಾದರ್ ಆಗಸ್ಟಸ್ ಮುಲ್ಲರರು ಬಡರೋಗಿಗಳಿಗೆ ಔಷಧ ಕೊಡಲಾರಂಭಿಸಿದ್ದರಿಂದ ಬೆಳೆದುಬಂದ ಆಸ್ಪತ್ರೆ. ಸಾಹಿತ್ಯದ ವಿದ್ಯಾರ್ಥಿಗೆ ಆ ಪರಿಸರವು ಮತ್ತೊಂದು ಕಾರಣಕ್ಕೂ ಸ್ಮರಣೀಯವಾದುದು. ಬೈಬಲಿನ ಕಥೆಗಳು ಕರಾವಳಿಯ ಜನಕ್ಕೆ ತಲುಪಿದ ಎರಡು ದಾರಿಗಳು ಅಲ್ಲಿ ಹತ್ತಿರ ಹತ್ತಿರ ಹಾಯುತ್ತವೆ. ಒಂದು, ಕೊಂಕಣಿ ಕಥೋಲಿಕರ ದಾರಿ. ಹಳೆಯ ಮತ್ತು ಹೊಸ ಒಡಂಬಡಿಕೆಗಳ ವೃತ್ತಾಂತವನ್ನು ಓವಿಗಳಲ್ಲಿ ಹಾಡಿದ ಥಾಮಸ್ ಸ್ಟೀಫನ್ಸರ ‘ಕ್ರಿಸ್ತಪುರಾಣ’ವು 1616ರಲ್ಲಿ ಮೊದಲು ಅಚ್ಚಾಗಿ, 1907ರಲ್ಲಿ ಮಂಗಳೂರಿನಲ್ಲಿಯೇ ಪುನಃ ಪ್ರಕಟವಾಯಿತು. ಇನ್ನೊಂದು, ಸಮೀಪದ ಬಲ್ಮಠದಲ್ಲಿ ನೆಲೆನಿಂತ ಬಾಸೆಲ್ ಮಿಷನ್ನಿನ ದಾರಿ. 1834ರಲ್ಲಿ ಮಂಗಳೂರಿಗೆ ಬಂದ ಆ ಮಿಷನ್ನಿನವರಲ್ಲಿ ಕಿಟ್ಟೆಲರು ಕ್ರಿಸ್ತನ ಚರಿತೆಯನ್ನು 1862ರಲ್ಲಿ ‘ಕಥಾಮಾಲೆ’ಯೆಂಬ ಕನ್ನಡ ಪದ್ಯಕೃತಿಯಾಗಿಸಿದರು. ಮೋಗ್ಲಿಂಗರು ಅದೇ ಮಿಷನ್ನಿನ ಆಶ್ರಯದಲ್ಲಿ ಬಸವಪುರಾಣವನ್ನು ಅಚ್ಚು ಹಾಕಿಸಿದರು. ವುರ್ತ್ ಪಾದ್ರಿಗಳು ಬಸವಪುರಾಣ, ಚೆನ್ನಬಸವಪುರಾಣಗಳ ಕಥಾಸಾರವನ್ನು ಇಂಗ್ಲಿಷಿಗೆ ತಂದರು.

ಶಿವಭಕ್ತರ ಪುರಾಣಗಳನ್ನು ಅವರು ಅಷ್ಟು ಶ್ರಮಪಟ್ಟು ಓದಿದರು. ಅವರ ಗ್ರಂಥವನ್ನು ಶರಣಸಾಹಿತ್ಯದ ವಾಚಕರೂ ಅಷ್ಟೇ ಎಚ್ಚರದಿಂದ ಓದುವುದು ಉಚಿತ. ಹಾಗೆ ಓದಲು ವ್ಯಭಿಚಾರದ ಪ್ರಸಂಗಗಳಿಗಿಂತ ತಕ್ಕ ವಸ್ತು ವಿರಳ. ಏಕೆಂದರೆ ಈ ಕಥೆಗಳನ್ನು ಉಭಯತ್ರರೂ ಒಂದೇ ಬಗೆಯಲ್ಲಿ ತಪ್ಪಾಗಿ ಓದುತ್ತ ಬಂದಿದ್ದಾರೆ. ಹೆಣ್ಣು ಮೋಹಗೊಳಿಸಿದಳು, ಗಂಡು ಜಾರಿದನು, ದೈವವು ದಂಡಿಸಿತು ಎಂಬ ನೀತಿಪಾಠವನ್ನಷ್ಟೇ ಅವುಗಳಿಂದ ಹೆಕ್ಕುವುದು ವಾಡಿಕೆ. ಮೂಲದ ಕಥನವು ಈ ಪಾಠವನ್ನು ಬೋಧಿಸುವುದಿಲ್ಲ.

ಮೊದಲು ಧರ್ಮಶಾಸ್ತ್ರದ ಮಾತು. ಪರರ ಪತ್ನಿಯೊಡನೆ ಕೂಡಿದವನಿಗೂ ಆ ಸ್ತ್ರೀಗೂ ಸಮಾನವಾಗಿ ಮರಣದಂಡನೆಯೆಂದು ಯಾಜಕಕಾಂಡ ಮತ್ತು ಧರ್ಮೋಪದೇಶಕಾಂಡಗಳು ವಿಧಿಸುತ್ತವೆ. ಆದರೆ ಈ ಸಮಾನತೆ ಮೇಲ್ನೋಟದ್ದು. ವಿವಾಹಿತನಾದ ಪುರುಷನು ಅವಿವಾಹಿತೆಯನ್ನು ಕೂಡಿದರೆ ಅದು ಈ ವಿಧಿಯ ವ್ಯಾಪ್ತಿಗೆ ಬಾರದು. ಸಂಶಯಪಟ್ಟ ಗಂಡನು ಹೆಂಡತಿಗೆ ಕಹಿನೀರನ್ನು ಕುಡಿಸಿ ಪರೀಕ್ಷಿಸುವ ವಿಧಾನವು ಅರಣ್ಯಕಾಂಡದಲ್ಲಿದೆ; ಗಂಡನನ್ನು ಪರೀಕ್ಷಿಸುವ ನೀರು ಯಾವ ಕಾಂಡದಲ್ಲಿಯೂ ಇಲ್ಲ. ಶಾಸ್ತ್ರವು ಹೆಣ್ಣಿನ ಕಡೆಗೇ ಬೆರಳು ತೋರಿಸುತ್ತಿರುವಾಗ, ಅದೇ ಗ್ರಂಥದ ಕಥೆಗಾರನು ಬೆರಳನ್ನು ಅರಮನೆಯ ಕಡೆಗೆ ತಿರುಗಿಸುತ್ತಾನೆ. ಇದೇ ಬೈಬಲಿನ ಕಥನದ ಹಿರಿಮೆ.

ಸಮುವೇಲನ ಎರಡನೆಯ ಗ್ರಂಥದ ಹನ್ನೊಂದನೆಯ ಅಧ್ಯಾಯವನ್ನು ನೋಡಬೇಕು. ಅರಸರು ದಂಡೆತ್ತಿ ಹೋಗುವ ಕಾಲದಲ್ಲಿ ದಾವೀದನು ಯೆರೂಸಲೇಮಿನಲ್ಲಿಯೇ ಉಳಿದಿದ್ದಾನೆ. ಸಂಜೆ ಅರಮನೆಯ ಮಾಳಿಗೆಯ ಮೇಲೆ ತಿರುಗಾಡುತ್ತ, ಸ್ನಾನಮಾಡುತ್ತಿದ್ದ ಸ್ತ್ರೀಯನ್ನು ಕಾಣುತ್ತಾನೆ. ಆಕೆ ತನ್ನ ಯೋಧನಾದ ಊರೀಯನ ಪತ್ನಿ ಬತ್ಷೆಬೆಯೆಂದು ತಿಳಿದ ಮೇಲೂ ಕರೆಸಿಕೊಳ್ಳುತ್ತಾನೆ. ಆಕೆ ಮೋಹಿಸಿದಳೆಂದಾಗಲಿ ಒಪ್ಪಿದಳೆಂದಾಗಲಿ ಕಥೆಗಾರನು ಒಂದಕ್ಷರವನ್ನೂ ಹೇಳುವುದಿಲ್ಲ. ಆ ಇಡೀ ಅಧ್ಯಾಯದಲ್ಲಿ ಆಕೆಯ ಮಾತು ಗರ್ಭಿಣಿಯಾದೆನೆಂಬ ಸುದ್ದಿಯೊಂದೇ. ಹೀಬ್ರೂ ಮೂಲದಲ್ಲಿ ಅದು ಎರಡೇ ಶಬ್ದ. ಇದಕ್ಕೆ ಪ್ರತಿಯಾಗಿ ‘ಕಳುಹಿಸು’ ಎಂಬ ಕ್ರಿಯಾಪದವು ಅಧ್ಯಾಯದುದ್ದಕ್ಕೂ ಮರುಕಳಿಸುತ್ತದೆ. ದಾವೀದನು ಸೈನ್ಯವನ್ನು ಕಳುಹಿಸುತ್ತಾನೆ, ವಿಚಾರಿಸಲು ಕಳುಹಿಸುತ್ತಾನೆ, ಕರೆತರಲು ಕಳುಹಿಸುತ್ತಾನೆ. ದೋಷವನ್ನು ಮುಚ್ಚಲೆಂದು ಯುದ್ಧಭೂಮಿಯಿಂದ ಊರೀಯನನ್ನು ಕರೆಸುತ್ತಾನೆ. ಜೊತೆಯವರು ಬಯಲಿನಲ್ಲಿ ಮಲಗಿರುವಾಗ ತಾನು ಮನೆಯ ಸುಖವನ್ನು ಉಣ್ಣಲಾರೆನೆಂದು ಊರೀಯನು ಅರಮನೆಯ ಬಾಗಿಲಲ್ಲಿಯೇ ಮಲಗುತ್ತಾನೆ. ಹೊರಗಿನ ಹಿತ್ತಿಯ ಕುಲದವನು ವ್ರತವನ್ನು ಪಾಲಿಸುತ್ತಿದ್ದಾನೆ. ದೇವರು ಅಭಿಷೇಕಿಸಿದ ಅರಸನು ಅದನ್ನು ಮುರಿಯುತ್ತಿದ್ದಾನೆ. ಕೊನೆಗೆ ಊರೀಯನ ಮರಣಶಾಸನವನ್ನು ಊರೀಯನ ಕೈಯಲ್ಲಿಯೇ ಸೇನಾಪತಿ ಯೋವಾಬನಿಗೆ ಕಳುಹಿಸಲಾಗುತ್ತದೆ. ಹೀಗೆ ಅಧಿಕಾರವೆಂದರೆ ಕಳುಹಿಸುವ ಶಕ್ತಿಯೆಂದು ಓದುಗನಿಗೆ ಮನದಟ್ಟಾದ ಮೇಲೆ, ಹನ್ನೆರಡನೆಯ ಅಧ್ಯಾಯವು ಅದೇ ಕ್ರಿಯಾಪದದಿಂದ ಆರಂಭವಾಗುತ್ತದೆ: ಈಗ ಕಳುಹಿಸುವವನು ದೇವರು, ಬರುವವನು ಪ್ರವಾದಿ ನಾತಾನ.

ನಾತಾನನು ಅರಸನನ್ನು ನೇರವಾಗಿ ದೂರುವುದಿಲ್ಲ. ಹಿಂಡುಗಳುಳ್ಳ ಧನಿಕನೊಬ್ಬನು ಬಡವನ ಮನೆಯಲ್ಲಿ ಮಗಳಂತೆ ಬೆಳೆದ ಒಂದೇ ಒಂದು ಹೆಣ್ಣು ಕುರಿಮರಿಯನ್ನು ಕಸಿದು ಅತಿಥಿಗೆ ಅಡಿಗೆಮಾಡಿಸಿದ ಕಥೆಯನ್ನು ಹೇಳುತ್ತಾನೆ. ಅರಸನು ಕೋಪಗೊಂಡು, ಅಂಥವನು ಸಾವಿಗೆ ತಕ್ಕವನು, ನಾಲ್ಕರಷ್ಟು ತೆರಬೇಕು ಎಂದು ತೀರ್ಪು ಕೊಡುತ್ತಾನೆ. ಆಗ ನಾತಾನನು ಆ ಮನುಷ್ಯನು ನೀನೇ ಎನ್ನುತ್ತಾನೆ. ದೃಷ್ಟಾಂತವು ಈ ಪ್ರಕರಣವನ್ನು ಕಾಮದ ಕಥೆಯೆಂದು ಬಗೆಯಲಿಲ್ಲ, ಬಲವಂತನು ಬಲಹೀನನಿಂದ ಕಸಿದ ಕಥೆಯೆಂದು ಬಗೆಯಿತು ಎಂಬುದು ಇಲ್ಲಿ ಗಮನಾರ್ಹ. ಕುರಿಮರಿಯು ಧನಿಕನನ್ನು ಮೋಹಗೊಳಿಸಿತೆಂದು ಯಾರೂ ಹೇಳಲಾರರು. ಬತ್ಷೆಬೆಯನ್ನು ಮೋಹಿನಿಯೆಂದು ಚಿತ್ರಿಸುವ ಉಪದೇಶಕರು ನಾತಾನನ ದೃಷ್ಟಾಂತವನ್ನು ಮರೆತವರು.

ಅನಂತರ ಫಲದ ವಿಚಾರ. ದಾವೀದನು ತಪ್ಪನ್ನು ಒಪ್ಪಿಕೊಳ್ಳುತ್ತಾನೆ. ಐವತ್ತೊಂದನೆಯ ಕೀರ್ತನೆಯನ್ನು ಪರಂಪರೆಯು ಈ ಸಂದರ್ಭಕ್ಕೇ ಸೇರಿಸಿದೆ. ಅವನ ಪ್ರಾಣ ಉಳಿಯುತ್ತದೆ. ಹುಟ್ಟಿದ ಶಿಶು ಸಾಯುತ್ತದೆ. ಮುಂದೆ ಮಗನಾದ ಅಮ್ನೋನನು ಮಲತಂಗಿ ತಾಮಾರಳನ್ನು ಬಲಾತ್ಕರಿಸುತ್ತಾನೆ. ಅವಳ ಸೋದರ ಅಬ್ಷಾಲೋಮನು ಅಮ್ನೋನನನ್ನು ಕೊಲ್ಲಿಸುತ್ತಾನೆ. ತಾನೂ ತಂದೆಗೆ ತಿರುಗಿಬಿದ್ದು ಹತನಾಗುತ್ತಾನೆ. ಶಿಶು, ಅಮ್ನೋನ, ತಾಮಾರ್, ಅಬ್ಷಾಲೋಮ ಎಂಬ ನಾಲ್ವರಲ್ಲಿ ಆ ನಾಲ್ಕರಷ್ಟು ತೆರಿಗೆ ಸಂದಿತೆಂದು ಯಹೂದಿ ತಾಲ್ಮುದಿನ ವ್ಯಾಖ್ಯಾನ. ಅಬ್ಷಾಲೋಮನು ತಂದೆಯ ಉಪಪತ್ನಿಯರನ್ನು ಬಹಿರಂಗವಾಗಿ ಕೂಡುವುದು ಅರಮನೆಯ ಮಾಳಿಗೆಯ ಮೇಲೆ. ದೃಷ್ಟಿದೋಷವು ಮೊಳೆತ ಮಾಳಿಗೆಯೇ ಅದರ ಬೆಳೆ ಕೊಯ್ದ ಕಣವೂ ಆಯಿತು. ಆ ಸಲಹೆ ಕೊಟ್ಟವನು ಅಹೀತೋಫೆಲ. ಬತ್ಷೆಬೆಯ ತಂದೆಯ ಹೆಸರು ಎಲೀಯಾಮ. ಅಹೀತೋಫೆಲನ ಮಗನ ಹೆಸರೂ ಎಲೀಯಾಮ. ಇಬ್ಬರೂ ಒಬ್ಬನೇ ಆಗಿದ್ದ ಪಕ್ಷಕ್ಕೆ, ಆ ಸಲಹೆಯ ಹಿಂದೆ ಅಜ್ಜನೊಬ್ಬನ ಸೇಡು ಇದ್ದಿತೆನ್ನಬೇಕು. ಆದರೆ ಆ ಹತ್ತು ಮಂದಿ ಉಪಪತ್ನಿಯರ ಗತಿಯೇನು? ದಾವೀದನು ಹಿಂದಿರುಗಿ ಬಂದು ಅವರನ್ನು ಕಾವಲಿನ ಮನೆಯಲ್ಲಿಟ್ಟನು. ಸಾಯುವವರೆಗೂ ಅವರು ವಿಧವೆಯರಂತೆ ಬಾಳಿದರು. ತಪ್ಪು ಅರಸನದು, ತೆತ್ತವರು ಶಿಶು, ಮಗಳು, ಪರಿಚಾರಿಕೆಯರು. ಈ ಅನ್ಯಾಯವನ್ನು ಕಥೆಗಾರನು ಸಮರ್ಥಿಸುವುದೂ ಇಲ್ಲ, ಮರೆಮಾಚುವುದೂ ಇಲ್ಲ. ಲೆಕ್ಕವನ್ನು ಬರೆದಿಟ್ಟು ಸುಮ್ಮನಾಗುತ್ತಾನೆ. ಆ ಮೌನವೇ ಓದುಗನ ಎದೆಯನ್ನು ಕಲಕುವುದು.

ಕನ್ನಡದಲ್ಲಿ ಇದಕ್ಕೆ ಹೋಲಿಸತಕ್ಕದ್ದು 1209ರಲ್ಲಿ ಜನ್ನನು ರಚಿಸಿದ ಯಶೋಧರ ಚರಿತೆ. ಅಲ್ಲಿ ರಾಣಿ ಅಮೃತಮತಿಯು ವಿಕಾರರೂಪಿಯಾದ ಮಾವುತನಿಗೆ ಒಲಿಯುತ್ತಾಳೆ. ಅದನ್ನು ಕಂಡ ಯಶೋಧರನು ತಾಯಿಯ ಮಾತಿಗೆ ಮಣಿದು ಹಿಟ್ಟಿನ ಕೋಳಿಯನ್ನು ಬಲಿಕೊಡುತ್ತಾನೆ. ಆ ಸಂಕಲ್ಪಹಿಂಸೆಯ ಫಲವಾಗಿ ತಾಯಿಮಕ್ಕಳು ಜನ್ಮಜನ್ಮಾಂತರಗಳಲ್ಲಿ ತೊಳಲುತ್ತಾರೆ. ಜೈನಕವಿಯು ಕರ್ಮಫಲವನ್ನು ಭವಾವಳಿಯಲ್ಲಿ ಹರಡಿ, ಪ್ರತಿಯೊಂದು ಋಣವನ್ನೂ ಮಾಡಿದ ಜೀವಕ್ಕೇ ಕಟ್ಟುತ್ತಾನೆ. ಬೈಬಲಿನ ಕಥೆಗಾರನಿಗೆ ಜನ್ಮಾಂತರವಿಲ್ಲ. ಆದುದರಿಂದ ಫಲವು ಮನೆ, ವಂಶ, ರಾಜ್ಯಗಳಲ್ಲಿ ಹರಡುತ್ತದೆ. ಜನ್ನನ ಲೆಕ್ಕದಲ್ಲಿ ನ್ಯಾಯವಿದೆ. ಸಮುವೇಲನ ಗ್ರಂಥದ ಲೆಕ್ಕದಲ್ಲಿ ಲೋಕಾನುಭವವಿದೆ. ತಂದೆಯ ತಪ್ಪಿಗೆ ಮಕ್ಕಳು ಅಳುವುದನ್ನು ಕಾಣದ ಊರು ಯಾವುದಿದೆ?

ಶರಣರ ನಿಲುವು ಇವೆರಡಕ್ಕಿಂತಲೂ ಭಿನ್ನವಾದುದು. ಪರಸತಿ, ಪರಧನಗಳ ನಿರಾಕರಣೆಯನ್ನು ವಚನಕಾರರು ಎಡೆಬಿಡದೆ ಸಾರಿದ್ದಾರೆ. ಆದರೆ ಅದರ ಫಲವನ್ನು ಮುಂದಿನ ಜನ್ಮಕ್ಕೂ ಬಿಡದೆ, ಮಕ್ಕಳ ತಲೆಗೂ ಹೊರಿಸದೆ, ಅಂತರಂಗದ ಭಂಗವಾಗಿ ಆ ಕ್ಷಣದಲ್ಲಿಯೇ ಕಂಡರು. ಆಸೆಯು ಮೊಳೆತ ಗಳಿಗೆಯಲ್ಲಿಯೇ ಲಿಂಗವು ದೂರವಾಯಿತೆಂಬುದು ಅವರ ಭಾವ. ಅಂತೆಯೇ ಬಿದ್ದವರಿಗೆ ಬಾಗಿಲು ಮುಚ್ಚಲಿಲ್ಲ. ವೇಶ್ಯಾವೃತ್ತಿಯಿಂದ ಬಂದ ಸಂಕವ್ವೆಯು ತನ್ನ ಅಂಕಿತವನ್ನು ‘ನಿರ್ಲಜ್ಜೇಶ್ವರಾ’ ಎಂದಿಟ್ಟುಕೊಂಡು, ತನ್ನ ವೃತ್ತಿಯ ಕಟ್ಟುಪಾಡನ್ನೇ ವ್ರತನಿಷ್ಠೆಗೆ ಉಪಮಾನವಾಗಿಸಿದಳು. ಉಳಿದಿರುವುದು ಒಂದೇ ವಚನವಾದರೂ, ಶರಣಗಣದಲ್ಲಿ ಆಕೆಗೆ ಸ್ಥಾನವಿದ್ದಿತೆಂಬುದಕ್ಕೆ ಅದೇ ಸಾಕ್ಷಿ. ಬತ್ಷೆಬೆಗೆ ದೊರೆಯದ ಮಾತು ಸಂಕವ್ವೆಗೆ ದೊರೆಯಿತು.

ಎರಡು ಪರಂಪರೆಗಳೂ ಕೂಡುವ ಸ್ಥಳವೊಂದಿದೆ. ಪ್ರವಾದಿ ಹೋಶೇಯನು ತನ್ನನ್ನು ತೊರೆದು ನಡೆದ ಪತ್ನಿ ಗೋಮೆರಳ ಕಥೆಯನ್ನು, ಅನ್ಯದೈವಗಳನ್ನು ಹಿಂಬಾಲಿಸಿದ ಇಸ್ರಾಯೇಲಿನ ಕಥೆಯಾಗಿಸಿದನು. ಶರಣಸತಿ, ಲಿಂಗಪತಿ ಭಾವದಲ್ಲಿ ಏಕದೇವನಿಷ್ಠೆಯನ್ನು ಸತಿಯ ನಿಷ್ಠೆಯಾಗಿ ಕಂಡು, ಅನ್ಯದೈವಕ್ಕೆ ಎರಗುವುದನ್ನು ಹಾದರವೆಂದ ವಚನಕಾರರದೂ ಇದೇ ರೂಪಕ. ಕನ್ನಡ ಬೈಬಲು ಬಳಸುವ ‘ವ್ಯಭಿಚಾರ’ ಶಬ್ದಕ್ಕೆ ದಾರಿ ತಪ್ಪಿ ನಡೆಯುವುದೆಂಬುದೇ ಮೂಲಾರ್ಥ. ಅಚಲವಾದ ಭಕ್ತಿಯನ್ನು ಗೀತೆಯು ‘ಅವ್ಯಭಿಚಾರಿಣಿ’ಯೆಂದು ಕರೆದಿರುವುದನ್ನು ವಿದ್ಯಾರ್ಥಿಗಳು ಬಲ್ಲರು. ಒಂದು ಭೇದವನ್ನು ಮಾತ್ರ ಮರೆಯಲಾಗದು. ಹೋಶೇಯನ ರೂಪಕದಲ್ಲಿ ಗಂಡನು ದೇವರು, ತಪ್ಪಿತಸ್ಥೆ ಹೆಣ್ಣು. ಶರಣರ ರೂಪಕದಲ್ಲಿ ಗಂಡಾದ ಭಕ್ತನೂ ಸತಿಯೇ. ನಿಷ್ಠೆಯ ಹೊಣೆಯು ಹೆಣ್ಣೊಬ್ಬಳ ಮೇಲೆ ಬೀಳದೆ ಸರ್ವರದೂ ಆಗುತ್ತದೆ.

ಯೋಹಾನನ ಸುವಾರ್ತೆಯ ಎಂಟನೆಯ ಅಧ್ಯಾಯದಲ್ಲಿ ವ್ಯಭಿಚಾರದಲ್ಲಿ ಸಿಕ್ಕಿಬಿದ್ದ ಹೆಣ್ಣೊಬ್ಬಳನ್ನು ಯೇಸುವಿನ ಮುಂದೆ ನಿಲ್ಲಿಸುತ್ತಾರೆ. ಅತಿ ಪ್ರಾಚೀನ ಗ್ರೀಕ್ ಪ್ರತಿಗಳಲ್ಲಿ ಈ ಪ್ರಸಂಗವಿಲ್ಲ. ಕೆಲವು ಪ್ರತಿಗಳಲ್ಲಿ ಇದು ಲೂಕನ ಸುವಾರ್ತೆಯೊಳಗಿದೆ. ಪಾಠಶೋಧಕರ ಸಂದೇಹ ಏನೇ ಇರಲಿ, ಭಕ್ತಜನರು ಅದನ್ನು ಕೈಬಿಡಲಿಲ್ಲ. ಶಾಸ್ತ್ರದ ಪ್ರಕಾರ ಇಬ್ಬರಿಗೂ ದಂಡನೆಯಿದ್ದರೂ ಎಳೆದುತಂದದ್ದು ಒಬ್ಬಳನ್ನು. ಆ ಗಂಡಸು ಎಲ್ಲಿಯೆಂದು ಯಾರೂ ಕೇಳಲಿಲ್ಲ. ಪಾಪವಿಲ್ಲದವನು ಮೊದಲು ಕಲ್ಲೆಸೆಯಲೆಂಬ ಮಾತಿಗೆ ಹಿರಿಯರಿಂದ ಮೊದಲ್ಗೊಂಡು ಒಬ್ಬೊಬ್ಬರಾಗಿ ಹೊರಟುಹೋದರು. ನಾತಾನನು ಅರಸನೊಬ್ಬನಿಗೆ ಹಿಡಿದ ಕನ್ನಡಿಯನ್ನು ಇಲ್ಲಿ ಗುಂಪಿಗೇ ಹಿಡಿಯಲಾಗಿದೆ. ಯೇಸು ಆಕೆಯನ್ನು ದಂಡಿಸಲಿಲ್ಲ; ಇನ್ನು ಪಾಪ ಮಾಡಬೇಡವೆಂದು ಕಳುಹಿಸಿಕೊಟ್ಟನು. ಕ್ಷಮೆಯಿದೆ, ಸಡಿಲಿಕೆಯಿಲ್ಲ.

ಲೋಕದ ಡೊಂಕನ್ನು ತಿದ್ದಹೊರಟವನು ತನ್ನ ತನುಮನಗಳನ್ನು ಮೊದಲು ಸಂತೈಸಿಕೊಳ್ಳಬೇಕೆಂದು ಬಸವಣ್ಣನವರು ಕಲಿಸಿದರು. ಆ ಪಾಠವನ್ನು ಕಲಿತವರಿಗೆ ಈ ಕಥೆಗಳು ಪರಕೀಯವಲ್ಲ. ಪರಸತಿದೋಷದ ಮಾತು ಬಂದೆಡೆಯಲ್ಲೆಲ್ಲ ಅಧಿಕಾರ ಯಾರ ಕೈಯಲ್ಲಿದ್ದಿತು, ಫಲವನ್ನು ಉಂಡವರು ಯಾರು ಎಂಬ ಎರಡು ಪ್ರಶ್ನೆಗಳನ್ನು ಕೇಳದೆ ನೀತಿಯನ್ನು ಬೋಧಿಸುವುದು, ಕುರಿಮರಿಯನ್ನು ಎರಡನೆಯ ಸಲ ಕೊಯ್ದಂತೆ.